ಗುರುತು ಸಿಗದ ಮುಖ

ನಾನು ಆಟವೊಂದರಲ್ಲಿ ತೆಗೆದ ಫೋಟೊವನ್ನು ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿಸಿ ಮಾರೋಣ ಎಂದು ಗೆಳೆಯನೊಬ್ಬ ಹೇಳಿದ. ತೆಂಕುತಿಟ್ಟಿನ ಬಣ್ಣದ ವೇಷ. ಕೆಂಪು, ಕಪ್ಪು ಬಣ್ಣಗಳ ನಡುವೆ ಮುಳ್ಳುಮುಳ್ಳಾಗಿ ಎದ್ದ ಬಿಳಿ ಚಿಟ್ಟಿ. ಒಳಗಿರುವವರು ಯಾರೆಂದು ಹೆಂಡತಿ ಮಕ್ಕಳಿಗೂ ಗೊತ್ತಾಗದು. "ಫೋಟೊ ನಿನ್ನದು, ಇನ್ಯಾರನ್ನು ಕೇಳಬೇಕು?" ಎಂದ ಗೆಳೆಯ.

ಅವನ ಮಾತು ಅರ್ಧ ಸರಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರದು. ಹಣ ಕೊಟ್ಟು ಬೇರೆಯವರು ತೆಗೆಸಿದ್ದರೆ ಮಾತು ಬೇರೆ. ಆದರೆ ಫೋಟೊದಲ್ಲಿರುವವರಿಗೂ ತಮ್ಮ ಚಹರೆಯ ಮೇಲೆ ಹಕ್ಕಿದೆ. ಗಾಯಕ ದಲೇರ್ ಮೆಹಂದಿಯವರನ್ನು ಹೋಲುವ, ಅವರ ಹಾಡಿನ ತುಣುಕನ್ನೂ ಹಾಡುವ ಗೊಂಬೆಗಳು ಮಾರಾಟಕ್ಕೆ ಬಂದಾಗ ದೆಹಲಿ ಹೈಕೋರ್ಟ್ 2010ರಲ್ಲಿ ಅದನ್ನು ತಡೆಯಿತು. ಎರಡು ವರ್ಷಗಳ ನಂತರ, ಆಭರಣದಂಗಡಿಯೊಂದರ ಹೋರ್ಡಿಂಗಿನಲ್ಲಿ ಅಮಿತಾಭ್ ಮತ್ತು ಜಯಾ ಬಚ್ಚನ್ ಕಾಣಿಸಿಕೊಂಡ ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಂದು ಅಳತೆಗೋಲು ಹೇಳಿತು: ಬಳಸಿಕೊಂಡ ಚಿತ್ರದಿಂದ ಆ ಖ್ಯಾತ ವ್ಯಕ್ತಿಯ ಗುರುತು ಸಿಗಬೇಕು.

ನಾನು ಸಿಕ್ಕಿಕೊಂಡದ್ದು ಇಲ್ಲೇ. ನನ್ನ ಫೋಟೊದ ಕಲಾವಿದರು ಖ್ಯಾತರೂ ಅಲ್ಲ, ಅವರ ಗುರುತೂ ಸಿಗುವುದಿಲ್ಲ. 1994ರ ತಿದ್ದುಪಡಿ ಪ್ರದರ್ಶಕರಿಗೆ ವಿಶೇಷ ಹಕ್ಕುಗಳನ್ನು ಕೊಟ್ಟಿದೆ ನಿಜ. ಆದರೆ ಅಲ್ಲಿಯ ದೃಶ್ಯಮುದ್ರಣವೆಂದರೆ ಚಲಿಸುವ ಚಿತ್ರ. ನಿಂತ ಫೋಟೊ ಅದರ ಕಣ್ಣಿಗೆ ಬೀಳುವುದಿಲ್ಲ. ಕಸುಬಿನಲ್ಲಿ ಎಷ್ಟು ಮುಳುಗಿದರೆ ಮುಖ ಅಷ್ಟು ಮರೆಯಾಗುತ್ತದೆ, ಮುಖ ಮರೆಯಾದಷ್ಟೂ ಹಕ್ಕು ಸಡಿಲವಾಗುತ್ತದೆ. ಇದು ನ್ಯಾಯವೇ?

ಗೆಳೆಯನ ಇನ್ನೊಂದು ವಾದ ನನ್ನನ್ನು ಹೆಚ್ಚು ಕಾಡಿತು. ಆ ಮುಖವರ್ಣಿಕೆ ಪರಂಪರೆಯದು, ಅವರೊಬ್ಬರದಲ್ಲ ಎಂದ. ಹೌದು, ನಾನು ಕಲ್ಪಿಸಿಕೊಂಡು ಒಂದು ಬಣ್ಣದ ವೇಷ ಬರೆದಿದ್ದರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಕ್ಯಾಮೆರಾಕ್ಕೆ ಪರಂಪರೆ ಕಾಣುವುದಿಲ್ಲ. ಅದಕ್ಕೆ ಕಂಡದ್ದು ಆ ರಾತ್ರಿ ಒಬ್ಬರು ಚೌಕಿಯಲ್ಲಿ ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿ, ಗಂಟೆಗಟ್ಟಲೆ ತಮ್ಮ ಮುಖದ ಮೇಲೆ ಒಂದೊಂದೇ ಮುಳ್ಳು ಇಟ್ಟ ಕೆಲಸ. ನಾನು ಬಟನ್ ಒತ್ತಿದ್ದು ಅರೆಕ್ಷಣ. (ಇದೇ ಫೋಟೊಗಳನ್ನು ಹಂಚಿಕೊಂಡು ವರ್ಷಗಟ್ಟಲೆ ಶಹಬ್ಬಾಸ್‌ಗಿರಿ ಪಡೆದಿದ್ದೇನೆ. ಹೊಗಳಿಕೆಗೆ ಅನುಮತಿ ಬೇಡ, ದುಡ್ಡಿಗೆ ಮಾತ್ರ ಬೇಕು ಎಂದು ಯಾವಾಗ ತೀರ್ಮಾನಿಸಿಕೊಂಡೆನೋ.)

ಕೊನೆಗೆ ಫೋಟೊದ ಪ್ರತಿ ಹಿಡಿದು ಚೌಕಿಗೆ ಹೋದೆ. ಹೆಚ್ಚೆಂದರೆ ಎಷ್ಟು ಕೊಡುತ್ತೀರಿ ಎಂದು ಕೇಳಿಯಾರು ಎಂದುಕೊಂಡಿದ್ದೆ. ಮಾರಿದ್ದರಲ್ಲಿ ಒಂದು ಪಾಲು ಎಂದು ಹೇಳಲು ಸಿದ್ಧನಾಗಿದ್ದೆ. ಹೇಳಿಯೂ ಬಿಟ್ಟೆ. ಅವರು "ಆಗಲಿ" ಎಂದರು, ಅಷ್ಟೇ. ಆಮೇಲೆ ಫೋಟೊವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಬೇಡ ಮಾರಾಯ್ರೆ. ಎಡಗೆನ್ನೆ ನೋಡಿ, ಚಿಟ್ಟಿ ಮೂರು ಕಡೆ ಉದುರಿದೆ. ಆ ದಿನ ಬೆವರು ಜಾಸ್ತಿ."

ನನಗೆ ಅದು ಕಂಡೇ ಇರಲಿಲ್ಲ. ನಾಳೆ ಬೇಗ ಬನ್ನಿ, ಹಸಿ ಇರುವಾಗಲೇ ತೆಗೆಯಿರಿ ಎಂದು ಹೇಳಿ, ಕನ್ನಡಿಯತ್ತ ತಿರುಗಿ ಕಡ್ಡಿ ಎತ್ತಿಕೊಂಡರು.