ನಾಳೆಯನ್ನು ಯಾರ ಕೈಗೆ ಕೊಡಬೇಕು?



ಬೆಟ್ಟ ಹತ್ತಿ ಬರುವವರಲ್ಲಿ ಅರ್ಧ ಜನ ಕೇಳೋದು ಒಂದೇ ಪ್ರಶ್ನೆ. ಮಗಳ ಮದುವೆ ಈ ವರ್ಷ ಆಗುತ್ತಾ? ಬೋರ್‌ವೆಲ್‌ನಲ್ಲಿ ನೀರು ಬೀಳುತ್ತಾ? ಕೋರ್ಟಿನಲ್ಲಿರೋ ತೋಟದ ಕೇಸು ನಮ್ಮ ಕಡೆಗೆ ಆಗುತ್ತಾ? ಮಾತು ಬೇರೆ ಬೇರೆ, ಒಳಗಿರೋದು ಮಾತ್ರ ಒಂದೇ: ನಾಳೆ ಏನು? ಸೇವಾ ರಸೀದಿ ಬರೆಯುವ ನನ್ನಂಥ ಗುಮಾಸ್ತನಿಗೂ ಈ ಪ್ರಶ್ನೆ ಕೇಳದ ದಿನವಿಲ್ಲ. ಆದ್ದರಿಂದ ಈ ಪುಟಗಳಲ್ಲಿ ಒಂದು ವಿಷಯವನ್ನು ವಿಚಾರ ಮಾಡೋಣ. ದೇವರ ಮೇಲೆ ಭಾರ ಹಾಕಿದ ಮೇಲೂ ಮುಂದಿನದನ್ನು ತಿಳಿಯಲು ಎಲೆ, ಕವಡೆ, ಕಾರ್ಡು ನೋಡಬಹುದೆ? ನೋಡಿದರೆ ಭಕ್ತಿಗೆ ಕುಂದೆ?

ನಮ್ಮ ತೆಂಗಿನ ಸೀಮೆಯಲ್ಲಿ ನಾಳೆಯನ್ನು ಕೇಳುವ ದಾರಿಗಳು ಬಹಳ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದಲ್ಲೆಲ್ಲ ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಬೋರ್ ಪಾಯಿಂಟ್ ಅನ್ನುತ್ತಾರೆ. ಕವಡೆ ಹಾಕುವವರಿದ್ದಾರೆ. ಹಿಂದೆ ಸಂತೆಯಲ್ಲಿ ಗಿಳಿಶಾಸ್ತ್ರದವರು ಕೂರುತ್ತಿದ್ದರು, ಗಿಳಿ ಪಂಜರದಿಂದ ಬಂದು ಒಂದು ಎಲೆ ಎಳೆದುಕೊಡುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಿಳಿ ಹಿಡಿದು ಸಾಕುವಂತಿಲ್ಲ, ಹಾಗಾಗಿ ಈಗ ಅವರು ಕಾಣುವುದು ಅಪರೂಪ. ದೇವರ ಸನ್ನಿಧಿಯಲ್ಲೂ ಕೇಳುತ್ತೇವೆ. ಹೂವಿನ ಪ್ರಸಾದ ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ತಡ. ತಿಪಟೂರಿನ ಹತ್ತಿರದ ದಸರೀಘಟ್ಟದಲ್ಲಿ ಚೌಡೇಶ್ವರಿ ಅಮ್ಮನವರು ಭಕ್ತರ ಪ್ರಶ್ನೆಗೆ ಬರೆದೇ ಉತ್ತರ ಕೊಡುತ್ತಾರೆಂದು ದೂರದೂರದಿಂದ ಜನ ಬರುತ್ತಾರೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯುತ್ತಾರೆ, ಅದರ ಅರ್ಥ ಇದೇ ಎಂದು ಮಳೆ ಬೆಳೆಯಿಂದ ಹಿಡಿದು ರಾಜಕೀಯದವರೆಗೆ ಜನ ಚರ್ಚೆ ಮಾಡುತ್ತಾರೆ.

ಈಗ ಇದಕ್ಕೆ ಇನ್ನೊಂದು ಸೇರಿದೆ, ಟ್ಯಾರೋ ಕಾರ್ಡು. ಮೊಬೈಲ್ ಇರುವ ಹುಡುಗ ಹುಡುಗಿಯರಿಗೆ ಇದು ಗೊತ್ತು.

ಈಚೆಗೆ ಗೆಳತಿಯರ ಜೊತೆ ಬೆಟ್ಟ ನೋಡಲು ಬಂದಿದ್ದ ಒಬ್ಬ ಕ್ರೈಸ್ತ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್, ಕೌಂಟರ್ ಹತ್ತಿರ ನಿಂತು ಮಾತಾಡಿದಳು. ಹೊರದೇಶದಲ್ಲಿ ಕೆಲಸ ಸಿಕ್ಕಿದೆ. ಮನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆದಿದೆ. ದಿನಾ ರಾತ್ರಿ ಪ್ರಾರ್ಥನೆ ಮಾಡಿ, ಆಮೇಲೆ ಮೊಬೈಲ್‌ನಲ್ಲಿ ಕಾರ್ಡು ತೆಗೆಯುತ್ತಾಳಂತೆ. "ಒಂದಿನ ಹೋಗು ಅನ್ನುತ್ತೆ ಸರ್, ಒಂದಿನ ಬೇಡ ಅನ್ನುತ್ತೆ. ಈಗ ಪ್ರಾರ್ಥನೆ ಮಾಡಕ್ಕೂ ನಾಚಿಕೆ ಆಗುತ್ತೆ. ನಮ್ಮಲ್ಲಿ ಇದು ಪಾಪ ಅಂತಾರೆ. ನಿಮ್ಮಲ್ಲಿ ಹೂವು ಕೇಳ್ತೀರಲ್ಲ, ಅದು ಹೇಗೆ?" ಅಂದಳು.

ನಾನು ಕೇಳಿದ್ದು ಒಂದೇ ಮಾತು. "ನೋಡಮ್ಮ, ಅಪ್ಪನ್ನ ಕೇಳಿದ್ಯಾ?" ಅವಳು ಸುಮ್ಮನಾದಳು. "ಕೇಳಕ್ಕೆ ಭಯ ಸರ್" ಅಂದಳು. ಹೋಗಬೇಕೋ ಬಿಡಬೇಕೋ ನಾನು ಹೇಳಲಿಲ್ಲ. ಹೇಳಿದರೆ ನಾನೂ ಒಂದು ಕಾರ್ಡೇ ಆಗುತ್ತಿದ್ದೆ. ಆದರೆ ಅವಳ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಸ್ವಲ್ಪ ಓದಿ ತಿಳಿದುಕೊಂಡೆ.

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳುವುದಕ್ಕಲ್ಲ. 15ನೇ ಶತಮಾನದಲ್ಲಿ ಇಟಲಿಯ ದೊಡ್ಡ ಮನೆತನಗಳವರು ಆಡುತ್ತಿದ್ದ ಇಸ್ಪೀಟಿನ ಆಟ ಅದು. ಒಟ್ಟು 78 ಎಲೆ. 56 ನಮ್ಮ ಇಸ್ಪೀಟಿನ ಹಾಗೆ ನಾಲ್ಕು ಬಣ್ಣದವು, 22 ಚಿತ್ರದ ಎಲೆಗಳು. ಆಟ ಶುರುವಾಗಿ ಮುನ್ನೂರು ವರ್ಷ ಕಳೆದ ಮೇಲೆ, 1781ರಲ್ಲಿ, ಫ್ರಾನ್ಸಿನ ಕೂರ್ ದ ಜೆಬ್ಲಾ ಎಂಬಾತ ಇದು ಈಜಿಪ್ಟಿನ ಪುರಾತನ ಜ್ಞಾನ ಎಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ದಾರಿ ಸಿಕ್ಕಿದ್ದೇ 1822ರಲ್ಲಿ. ಅಂದರೆ ಲಿಪಿ ಓದಲು ಬರುವ ಮೊದಲೇ ಅದರ ಜ್ಞಾನ ಹೇಳಿದರು! ಈಗ ಎಲ್ಲ ಕಡೆ ಕಾಣುವ ಚಿತ್ರಗಳನ್ನು ಲಂಡನ್ನಿನಲ್ಲಿ 1909ರಲ್ಲಿ, ವೇಟ್ ಎಂಬುವರ ಸೂಚನೆಯಂತೆ, ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಣ್ಣುಮಗಳು ಬರೆದರು. ಆಕೆ 1911ರಲ್ಲಿ ಕ್ಯಾಥೋಲಿಕ್ ಧರ್ಮಕ್ಕೆ ಸೇರಿದರು, ಮುಂದೆ ಪಾದ್ರಿಗಳು ಬಂದು ತಂಗುವ ಒಂದು ಮನೆಯನ್ನೂ ನಡೆಸಿದರು. ಆ ಚಿತ್ರಗಳಲ್ಲಿ ದೇವದೂತ ತುತ್ತೂರಿ ಊದುವುದು, ಸತ್ತವರು ಎದ್ದು ಬರುವುದು, ಎಲ್ಲ ಬೈಬಲ್ಲಿನದೇ. ಹಾಗಾಗಿ ಕಾಗದದಲ್ಲಿ ದೆವ್ವ ಕೂತಿಲ್ಲ. ಕಾಗದ ಕಾಗದವೇ. ಪ್ರಶ್ನೆ ಇರುವುದು ಅದನ್ನು ಹಿಡಿದ ಕೈಯಲ್ಲಿ.

ಆದರೆ ಅವರ ಧರ್ಮ ಇದನ್ನು ಒಪ್ಪುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಬೈಬಲ್ಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಕಣಿ ಹೇಳುವುದು, ಶಕುನ ನೋಡುವುದು, ಸತ್ತವರನ್ನು ಕೇಳುವುದು ಎಲ್ಲ ಬೇಡ ಎನ್ನುತ್ತದೆ. 1992ರಲ್ಲಿ ಹೊರಬಂದ ಕ್ಯಾಥೋಲಿಕ್ ಧರ್ಮೋಪದೇಶ ಗ್ರಂಥ ತನ್ನ 2116ನೇ ಕಲಮಿನಲ್ಲಿ ಜಾತಕ, ಹಸ್ತರೇಖೆ, ಶಕುನ ಎಲ್ಲವನ್ನೂ ತಳ್ಳಿಹಾಕುತ್ತದೆ. ಅದು ಕೊಡುವ ಕಾರಣ ಯೋಚಿಸುವಂಥದ್ದು. ಇವೆಲ್ಲದರ ಹಿಂದೆ ಕಾಲದ ಮೇಲೆ, ಕೊನೆಗೆ ಬೇರೆ ಮನುಷ್ಯರ ಮೇಲೆ, ಅಧಿಕಾರ ಬೇಕೆಂಬ ಆಸೆ ಇದೆಯಂತೆ. ನಮ್ಮ ನಾಡಿನಲ್ಲೂ 12ನೇ ಶತಮಾನದ ಶರಣರು ವಾರ, ತಿಥಿ, ಶಕುನ ನೋಡುವುದನ್ನು ಬೇಡವೆಂದವರೇ. ಎರಡು ಕಡೆಯ ಹಿರಿಯರೂ ಒಂದೇ ಜಾಗಕ್ಕೆ ಬೆರಳು ಇಟ್ಟಿದ್ದಾರೆ ಅಂದಮೇಲೆ ಅಲ್ಲಿ ಏನೋ ಇದೆ.

ಏನಿದೆ? ಎರಡು ಕಥೆ ನೋಡಿ. ಬೈಬಲ್ಲಿನಲ್ಲಿ ಸೌಲ ಎಂಬ ರಾಜ ಕಣಿ ಹೇಳುವವರನ್ನು ತನ್ನ ದೇಶದಿಂದ ತಾನೇ ಓಡಿಸಿದ್ದ. ಯುದ್ಧ ಬಂದಾಗ ಭಯ ಹತ್ತಿತು. ದೇವರನ್ನು ಕೇಳಿದ, ಉತ್ತರ ಬರಲಿಲ್ಲ. ವೇಷ ಮರೆಸಿಕೊಂಡು ರಾತ್ರಿ ಅಂಥ ಒಬ್ಬ ಹೆಂಗಸಿನ ಮನೆಗೆ ಹೋದ. ನಾಳೆ ನೀನೂ ನಿನ್ನ ಮಕ್ಕಳೂ ಸಾಯುತ್ತೀರಿ ಎಂಬ ಮಾತು ಕೇಳಿ ನೆಲಕ್ಕೆ ಬಿದ್ದ. ಹಾಗೇ ಆಯಿತು. ಭವಿಷ್ಯ ನಿಜವಾಗಿತ್ತು, ಆದರೆ ಅದರಿಂದ ಏನು ಸಿಕ್ಕಿತು? ನಮ್ಮ ಭಾಗವತದಲ್ಲಿ ಕಂಸ. ತಂಗಿಯ ಮದುವೆ ರಥವನ್ನು ಪ್ರೀತಿಯಿಂದ ತಾನೇ ಹೊಡೆಯುತ್ತಿದ್ದ ಅಣ್ಣ. ಅಶರೀರವಾಣಿ ಕಿವಿಗೆ ಬಿದ್ದ ಆ ಗಳಿಗೆಯಿಂದ ಆ ಅಣ್ಣ ಉಳಿಯಲಿಲ್ಲ. ತಂಗಿಯ ಕೂಸುಗಳನ್ನೇ ಕೊಂದ. ಅವನು ಕೇಳಿದ್ದೂ ಸುಳ್ಳಲ್ಲ. ನಾಳೆ ಗೊತ್ತಾದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ. ಭಯ ಇದ್ದವನ ಕೈಗೆ ನಾಳೆ ಸಿಕ್ಕರೆ ಅದು ಕತ್ತಿಯಾಗುತ್ತದೆ.

ಹಾಗಾದರೆ ಹೂವಿನ ಪ್ರಸಾದವೂ ತಪ್ಪೆ ಎಂದು ಕೇಳಬಹುದು. ಕೇಳಲೇಬೇಕು. ಎಲ್ಲರ ಮನೆ ದೋಸೆಯೂ ತೂತೇ, ಅವರದನ್ನು ಮಾತ್ರ ಎಣಿಸಬಾರದು. ಕ್ರೈಸ್ತರಲ್ಲೂ ಚೀಟಿ ಹಾಕಿದ್ದುಂಟು. ಯೂದನ ಜಾಗಕ್ಕೆ ಒಬ್ಬರನ್ನು ಆರಿಸಬೇಕಾದಾಗ ಯೇಸುವಿನ ಶಿಷ್ಯರು ಯೋಗ್ಯರಾದ ಇಬ್ಬರನ್ನು ತಾವೇ ನಿಲ್ಲಿಸಿ, ಪ್ರಾರ್ಥನೆ ಮಾಡಿ, ಚೀಟಿ ಹಾಕಿದರು. ಮತ್ತೀಯನ ಹೆಸರು ಬಂತು. ಇಲ್ಲಿ ಗಮನಿಸಬೇಕಾದ್ದು ಇಷ್ಟು. ಅವರು ಮೊದಲು ತಮ್ಮ ಬುದ್ಧಿಯಿಂದ ಮಾಡುವ ಕೆಲಸ ಮಾಡಿದರು. ಒಂದು ಸಲ ಕೇಳಿದರು. ಬಂದದ್ದನ್ನು ಒಪ್ಪಿದರು. ಹೂವು ಕೇಳುವುದಕ್ಕೂ ಹಿರಿಯರು ಇಟ್ಟ ಕ್ರಮ ಇದೇ. ಎಡಕ್ಕೆ ಬಿತ್ತೆಂದು ಇನ್ನೊಂದು ಸಲ, ಮತ್ತೊಂದು ಸಲ ಕೇಳುವವನು ದೇವರನ್ನು ಕೇಳುತ್ತಿಲ್ಲ, ತನ್ನ ಆಸೆಗೆ ದೇವರ ರುಜು ಹಾಕಿಸುತ್ತಿದ್ದಾನೆ. ದಿನಾ ರಾತ್ರಿ ಕಾರ್ಡು ತೆಗೆಯುವುದೂ ಅದೇ ಕೆಲಸ.

ಇನ್ನು ಕೆಲವರು, ಭವಿಷ್ಯಕ್ಕಲ್ಲ, ಚಿತ್ರ ನೋಡಿ ನನ್ನ ಮನಸ್ಸನ್ನು ತಿಳಿದುಕೊಳ್ಳುತ್ತೇನೆ ಅನ್ನುತ್ತಾರೆ. ಇದನ್ನು ಒಂದೇ ಮಾತಿಗೆ ತಳ್ಳಿಹಾಕಬಾರದು. ನಮ್ಮ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ ನೊಳಂಬರ ಕಾಲದ ಛಾವಣಿ ಇದೆ. ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿಗೆ ಅಷ್ಟದಿಕ್ಪಾಲಕರು. ಕತ್ತು ಎತ್ತಿ ನೋಡಿದರೆ ಮನಸ್ಸಿಗೆ ಏನೋ ತಿಳಿಯುತ್ತದೆ. ಯಾವ ದಿಕ್ಕಿಗೆ ಹೋದರೂ ಕಾಯುವವನು ಇದ್ದಾನೆ ಎಂಬ ಧೈರ್ಯ ಬರುತ್ತದೆ. ಆದರೆ ಪಶ್ಚಿಮಕ್ಕೆ ಹೋದರೆ ಲಾಭವೋ ಪೂರ್ವಕ್ಕೆ ಹೋದರೆ ಲಾಭವೋ ಎಂದು ಆ ಕಲ್ಲು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಚಿತ್ರವನ್ನು ಚಿತ್ರವಾಗಿ ನೋಡುವುದು ಹೀಗೆ. ಅದನ್ನು ಯಜಮಾನನಾಗಿ ಮಾಡಿಕೊಂಡರೆ ಕಷ್ಟ. ಯಾವುದು ಎಲ್ಲಿ ಜಾರುತ್ತದೆ ಎಂಬುದು ಕ್ರೈಸ್ತರಾದವರು ತಮ್ಮ ಪಾದ್ರಿಗಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ ತಿಳಿಯಬೇಕಾದ್ದು. ಕದ್ದು ನೋಡಿ ಕದ್ದು ಅಳುವುದಕ್ಕಿಂತ ಅದು ಮೇಲು.

ನನ್ನ ಬುದ್ಧಿಗೆ ತೋಚಿದ ಮೂರು ಪರೀಕ್ಷೆ ಹೇಳುತ್ತೇನೆ, ಎಲ್ಲ ಮತದವರಿಗೂ ಆದೀತು.

ಒಂದು: ನೋಡಿದ ಮೇಲೆ ಭಯ ಕಮ್ಮಿಯಾಯಿತೋ ಹೆಚ್ಚಾಯಿತೋ? ಹೆಚ್ಚಾಗಿದ್ದರೆ, ಮತ್ತೆ ನೋಡಬೇಕು ಅನ್ನಿಸಿದರೆ, ಅದು ಭಕ್ತಿಯಲ್ಲ, ಚಟ.

ಎರಡು: ಇದರಿಂದ ಬೇರೆಯವರ ಬದುಕಿಗೆ ಪೆಟ್ಟು ಬೀಳುತ್ತದೆಯೇ? ಮೂಲಾ ನಕ್ಷತ್ರ ಎಂದು ಒಳ್ಳೆಯ ಹುಡುಗಿಯನ್ನು ಬಿಟ್ಟುಬಂದವರಿದ್ದಾರೆ. ಆ ಹೆಣ್ಣು ಮಾಡಿದ ತಪ್ಪೇನು? ಎಲೆಯ ಮಾತಿಗೆ ಇನ್ನೊಬ್ಬರು ಕಣ್ಣೀರು ಹಾಕುವಂತಾದರೆ ಅದು ಯಾವ ದೇವರ ಮಾತೂ ಅಲ್ಲ.

ಮೂರು: ಕೇಳಬೇಕಾದ ಮನುಷ್ಯರನ್ನು ಬಿಟ್ಟು ಎಲೆಯನ್ನು ಕೇಳುತ್ತಿದ್ದೀರಾ? ಹಾಸಿಗೆಯಲ್ಲಿರುವ ಅಪ್ಪನನ್ನು, ಮುನಿಸಿಕೊಂಡ ತಮ್ಮನನ್ನು, ಸಾಲ ಕೊಟ್ಟವನನ್ನು ಎದುರಿಗೆ ಕೂತು ಕೇಳುವುದು ಕಷ್ಟ. ಕಾರ್ಡು ತೆಗೆಯುವುದು ಸುಲಭ. ಆದರೆ ಉತ್ತರ ಇರುವುದು ಅವರ ಹತ್ತಿರ.

ನಾಳೆ ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದಕ್ಕೆ ತಿಪಟೂರು ಮಾರುಕಟ್ಟೆಗಿಂತ ಸಾಕ್ಷಿ ಬೇಕೇ? 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಹೋಯಿತು. ಬೇಸತ್ತವರು ತೋಟದ ಕಡೆ ನೋಡುವುದನ್ನೇ ಬಿಟ್ಟರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಆಗ ಫಲ ಉಂಡವರು ಯಾರು? ಬೆಲೆ ಇಲ್ಲದ ದಿನದಲ್ಲೂ ಮರಕ್ಕೆ ನೀರು ಗೊಬ್ಬರ ಕೊಟ್ಟವರು. ಅವರಿಗೆ ನಾಳೆ ಗೊತ್ತಿರಲಿಲ್ಲ, ಇವತ್ತು ಮರಕ್ಕೆ ಏನು ಬೇಕೆಂದು ಗೊತ್ತಿತ್ತು.

ದೇವರು ನಮಗೆ ಹೇಳಬೇಕಾದ್ದರಲ್ಲಿ ಹೆಚ್ಚು ಪಾಲು ಹೇಳಿ ಆಗಿದೆ. ಸುಳ್ಳು ಹೇಳಬೇಡ, ಹೆತ್ತವರನ್ನು ನೋಡಿಕೊ, ದುಡಿದು ತಿನ್ನು, ಹಸಿದವರಿಗೆ ಕೊಡು. ಯಾವ ಧರ್ಮದ ಪುಸ್ತಕ ತೆಗೆದರೂ ಇದಿದೆ. ಹೇಳಿದ್ದನ್ನು ಮಾಡದೆ ಹೇಳದ್ದನ್ನು ಕೆದಕುವುದು ನಮ್ಮ ಸ್ವಭಾವ. ಯೇಸುವೂ ಸಾಯುವ ಹಿಂದಿನ ರಾತ್ರಿ ತೋಟದಲ್ಲಿ ಈ ಕಷ್ಟ ತಪ್ಪಲಿ ಎಂದು ಬೇಡಿಕೊಂಡು, ಕೊನೆಗೆ ತಂದೆಯ ಇಚ್ಛೆಗೆ ಬಿಟ್ಟರು. ಬೇಡಿಕೊಳ್ಳುವುದು ತಪ್ಪಲ್ಲ. ಭಯ ಪಡುವುದೂ ತಪ್ಪಲ್ಲ. ಬೇಡಿಕೊಂಡ ಮೇಲೆ ಅವನ ಕೈಯಲ್ಲಿ ಬಿಡುವುದೇ ಭಕ್ತಿ. ಕೊಟ್ಟು ಮತ್ತೆ ಕಿತ್ತುಕೊಂಡು ನೋಡುವುದು ಅಪನಂಬಿಕೆ.

ಬೆಟ್ಟ ಇಳಿಯುವಾಗ ಎಲ್ಲ ಮೆಟ್ಟಿಲೂ ಒಟ್ಟಿಗೆ ಕಾಣುವುದಿಲ್ಲ. ಮುಂದಿನ ನಾಲ್ಕು ಮೆಟ್ಟಿಲು ಕಂಡರೆ ಕಾಲಿಡಲು ಸಾಕು. ನಿಧಾನವಾಗಿ ಇಳಿಯಿರಿ, ವಯಸ್ಸಾದವರ ಕೈ ಹಿಡಿದುಕೊಳ್ಳಿ. ಮನೆಗೆ ಹೋಗಿ ಕೇಳಬೇಕಾದವರನ್ನು ಕೇಳಿ. ಸ್ವಾಮಿ ಎಲ್ಲರಿಗೂ ಒಳ್ಳೆಯದು ಮಾಡಲಿ.