*ಇಂದಿನ ಚಿಂತನೆ: ತಿರುಗಿ ನೋಡುವ ಹೊತ್ತು*





2008ರ ಮಾರ್ಚ್ 19ರಂದು, ಸ್ವಾತಿ ನಕ್ಷತ್ರವಿರುವ ಪುಂಜದಲ್ಲಿ ಒಂದು ಗಾಮಾ ಕಿರಣ ಸ್ಫೋಟ ಕಾಣಿಸಿತು. ಎಲ್ಲೋ ಒಂದು ಭಾರೀ ನಕ್ಷತ್ರ ಸಾಯುವಾಗ ಹೊರಟ ಬೆಳಕು, ಸುಮಾರು 750 ಕೋಟಿ ವರ್ಷ ಪ್ರಯಾಣ ಮಾಡಿ ಬಂದಿತ್ತು. ಅದು ಹೊರಟಾಗ ಭೂಮಿ ಇರಲಿಲ್ಲ, ಸೂರ್ಯನೂ ಇರಲಿಲ್ಲ. ಕತ್ತಲಿರುವ ಕಡೆ ನಿಂತು ಸರಿಯಾಗಿ ಆ ಕಡೆ ನೋಡಿದ್ದರೆ ಬರಿಗಣ್ಣಿಗೇ ಕಾಣುತ್ತಿತ್ತು. ಅದೂ ಅರ್ಧ ನಿಮಿಷದಷ್ಟು ಹೊತ್ತು ಮಾತ್ರ!

ಅದನ್ನು ಪತ್ತೆ ಮಾಡಿದ್ದು 2004ರಲ್ಲಿ ಹಾರಿಸಿದ ಸ್ವಿಫ್ಟ್ ಎಂಬ ಉಪಗ್ರಹ. ಗಾಮಾ ಕಿರಣ ತಗುಲಿದ ಕೂಡಲೇ, ಭೂಮಿಯಿಂದ ಅಪ್ಪಣೆ ಬರಲೆಂದು ಕಾಯದೆ, ಅದು ತಾನೇ ಆ ಕಡೆ ತಿರುಗುತ್ತಿತ್ತು. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಅದರ 30 ಸೆಂ.ಮೀ. ದೂರದರ್ಶಕ ಅಲ್ಲಿಯ ಬೆಳಕನ್ನೂ ನೇರಳಾತೀತ ಕಿರಣಗಳನ್ನೂ ನೋಡತೊಡಗುತ್ತಿತ್ತು. ಅಷ್ಟರಲ್ಲಿ ಸ್ಫೋಟ ಹೆಚ್ಚಾಗಿ ಮುಗಿದಿರುತ್ತಿತ್ತು. ಸಿಗುತ್ತಿದ್ದುದು ಉಳಿದ ಹೊಳಪು. ಹೊತ್ತು ಹತ್ತು ಪಟ್ಟಾದರೆ ಆ ಹೊಳಪು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಕಳೆದುಕೊಂಡಷ್ಟನ್ನು ಆಮೇಲೆ ಹತ್ತು ದಿನ ಕೂತರೂ ಪಡೆಯಲಾಗದು.

ಹೋದ ವರ್ಷ ಒಂದು ರಾತ್ರಿ ತಮ್ಮ ಫೋನ್ ಮಾಡಿದ. ಊಟಕ್ಕೆ ಕೂತಿದ್ದೆ, ನಾಳೆ ಮಾಡಿದರಾಯಿತು ಅಂದುಕೊಂಡೆ. ಮೂರು ದಿನ ಬಿಟ್ಟು ಮಾಡಿದಾಗ "ಏನಿಲ್ಲ ಅಣ್ಣ, ಸುಮ್ನೆ ಮಾಡಿದ್ದೆ" ಅಂದ. ನಾನೂ ಸುಮ್ಮನಾದೆ. ಅಂದು ಅವನ ಕೆಲಸ ಹೋಗಿತ್ತು ಎಂದು ತಿಂಗಳಾದ ಮೇಲೆ ಅವನ ಹೆಂಡತಿಯಿಂದ ತಿಳಿಯಿತು.

ತಡವಾದ ಮೇಲೆ ನೋಡಿ ಏನು ಪ್ರಯೋಜನ? ಆ ದೂರದರ್ಶಕ ಉಳಿದ ಹೊಳಪನ್ನು ಒಂದೊಂದೇ ಫಿಲ್ಟರ್ ಹಾಕಿ ನೋಡುತ್ತಿತ್ತು. ಸ್ಫೋಟ ತುಂಬ ದೂರದ್ದಾದರೆ ಅದರ ನೇರಳಾತೀತ ಭಾಗವನ್ನು ದಾರಿಯಲ್ಲಿರುವ ಹೈಡ್ರೋಜನ್ ಹೀರಿಬಿಟ್ಟಿರುತ್ತದೆ. ಬೇರೆ ಬಣ್ಣಗಳಲ್ಲಿ ಕಂಡದ್ದು ನೇರಳಾತೀತದಲ್ಲಿ ಕಾಣದಿದ್ದರೆ, ಅದು ಎಷ್ಟು ದೂರದಿಂದ ಬಂತು ಎಂಬುದಕ್ಕೆ ಅದೇ ಸುಳಿವು. ಕಾಣದಿರುವುದೂ ಒಂದು ಸುದ್ದಿ. ತಮ್ಮನ "ಏನಿಲ್ಲ" ಎಂಬ ಮಾತಿನಲ್ಲೂ ಸುದ್ದಿಯಿತ್ತು. ಮೂರು ದಿನ ತಡ ಮಾಡಿದ್ದು ಒಂದು ತಪ್ಪು. ಆಮೇಲೂ ಸರಿಯಾಗಿ ನೋಡದೆ ಹೋದದ್ದು ಅದಕ್ಕಿಂತ ದೊಡ್ಡದು.

ವಿಷಯ ತಿಳಿದ ದಿನವೇ ಬಸ್ಸು ಹತ್ತಿ ಅವನ ಮನೆಗೆ ಹೋದೆ. ಹೆಚ್ಚೇನೂ ಮಾತಾಡಲಿಲ್ಲ. ಒಟ್ಟಿಗೆ ಊಟ ಮಾಡಿದೆವು.

ಭಗವಾನ್ ಬುದ್ಧರು ತಮ್ಮ ಕೊನೆಯ ಉಪದೇಶದಲ್ಲಿ ಒತ್ತಿ ಹೇಳಿದ್ದು *ಅಪ್ಪಮಾದ*, ಎಂದರೆ ಮೈಮರೆಯದ ಎಚ್ಚರ. ಕಣ್ಣು ಮುಚ್ಚಿ ಕೂತಾಗ ಮಾತ್ರ ಬೇಕಾದ ಗುಣ ಅದು ಎಂದುಕೊಂಡಿದ್ದೆ. ಕರೆ ಬಂದ ಕಡೆ ತಿರುಗುವುದೂ ಅದೇ ಎಂದು ಈಗ ಅನ್ನಿಸುತ್ತದೆ. ಎಲ್ಲವೂ ಅನಿತ್ಯ ಎಂದು ದಿನವೂ ಹೇಳುತ್ತೇವೆ. ಹಾಗಿದ್ದ ಮೇಲೆ ನಾಳೆ ನೋಡೋಣ ಎಂದು ಹೇಗೆ ಹೇಳುವುದು?

*ಇಂದಿನ ಅಭ್ಯಾಸ:* ಮುಂದೂಡಿದ ಒಂದು ಫೋನನ್ನು ಇಂದು ಮಾಡೋಣ. ಆ ಕಡೆಯಿಂದ "ಏನಿಲ್ಲ" ಅಂದರೆ, ಇನ್ನೊಮ್ಮೆ ಕೇಳೋಣ.

ಸರ್ವರಿಗೂ ಮಂಗಳವಾಗಲಿ 🙏