ಕಾಯವೆಂದರೇನು?



ಚಿಕ್ಕೋಡಿ ಸೀಮೆಯ ಪಾಠಶಾಲೆಯೊಂದರಲ್ಲಿ ವಚನಗಳ ಪಾಠ ಹೇಳುತ್ತಿದ್ದಾಗ ನಡೆದ ಸಂಗತಿಯಿದು. ‘ಕಾಯ’ವೆಂದರೇನೆಂದು ಕೇಳಿದೆನು. ನಿಪ್ಪಾಣಿಯ ಕಡೆಯ ಹಳ್ಳಿಯಿಂದ ಹೊಸದಾಗಿ ಬಂದಿದ್ದ ಬಾಲಕನೊಬ್ಬನು ಎದ್ದು, ‘ಏನು ಅಂತ ಅರ್ಥರಿ, ಗುರುಗಳ’ ಎಂದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು, ನಕ್ಕುದು ಸಾಲದೆಂಬಂತೆ, ‘ಕೇಳಿದ ಪ್ರಶ್ನೆಯನ್ನೇ ತಿರುಗಿ ಒಪ್ಪಿಸುವ ಜಾಣ’ ಎಂದು ಮೂದಲಿಸಿದೆನು. ಅವನು ತಲೆ ತಗ್ಗಿಸಿ ಕುಳಿತವನು ಆ ದಿನ ಮತ್ತೆ ಬಾಯಿ ತೆರೆಯಲಿಲ್ಲ.

ಅಂದು ಸಂಜೆ ಪೂಜೆಗೆ ತೆಂಗಿನಕಾಯಿ ತರಲು ಸಂತೆಗೆ ಹೋದೆನು. ಅಂಗಡಿಯವನು ‘ಕಾಯ್ ಪಾಹಿಜೆ?’ ಎಂದನು. ನಾನು ‘ಕಾಯಿ’ ಎಂದೆನು. ಅವನು ಮತ್ತೆ ‘ಕಾಯ್?’ ಎಂದನು. ಆಗ ನನಗೆ ಬಾಲಕನ ಮುಖ ನೆನಪಾಯಿತು. ಮನೆಯಲ್ಲಿ ಮರಾಠಿ ಆಡುವ ಮಗು ಅದು. ಮರಾಠಿಯಲ್ಲಿ ‘ಕಾಯ’ವೆಂದರೆ ‘ಏನು’ ಎಂದೇ ಅರ್ಥ. ದಿನವೂ ಕಿವಿಗೆ ಬೀಳುವ ಈ ಮಾತನ್ನು ನಾನು ಅರಿಯದವನಲ್ಲ. ಆದರೆ ಪೀಠದ ಮೇಲೆ ಕುಳಿತಾಗ ಸಂಸ್ಕೃತದ ಕೋಶವೊಂದೇ ಕಣ್ಣಮುಂದೆ ಇತ್ತು.

ಆ ಕೋಶವಾದರೂ ಒಂದೇ ಮಾತನ್ನು ಹೇಳುವದೇ? ಪಾಣಿನಿಯ ಮತದಲ್ಲಿ ಈ ಶಬ್ದವು ‘ಕೂಡಿಸು’ ಎಂಬರ್ಥದ ‘ಚಿ’ ಧಾತುವಿನಿಂದ ಬಂದುದು; ಕೂಡಿಬಂದುದೇ ಕಾಯ, ಆದ್ದರಿಂದ ದೇಹ. ಪ್ರಜಾಪತಿಗೆ ‘ಕ’ ಎಂಬ ಹೆಸರಿರುವದರಿಂದ ಮನುಸ್ಮೃತಿಯಲ್ಲಿ ಪ್ರಾಜಾಪತ್ಯ ವಿವಾಹಕ್ಕೂ ‘ಕಾಯ’ವೆಂದೇ ಹೆಸರು. ಆಯುರ್ವೇದದ ಕಾಯಚಿಕಿತ್ಸೆಯಲ್ಲಿ ಕಾಯವೆಂದರೆ ಜಠರಾಗ್ನಿಯೆಂದು ಹೇಳುವವರುಂಟು.

ಇನ್ನು ನಮ್ಮ ಕನ್ನಡದ ‘ಕಾಯ್’ ಬೇರೆಯೇ ಬಳಗದ್ದು. ರೈತನು ಹೊಲ ಕಾಯುವನು, ತಾಯಿ ಕಾಯ್ದ ಹಾಲನ್ನು ಆರಿಸುವಳು, ಮಾವು ಕಾಯುವದು, ನೆಂಟರ ದಾರಿಯನ್ನೂ ಕಾಯುವೆವು. 1894ರಲ್ಲಿ ಅಚ್ಚಾದ ಕಿಟ್ಟೆಲರ ಕೋಶವನ್ನು ತೆರೆದು ನೋಡಬಹುದು. ತೆಲುಗರಿಗೆ ‘ಕಾಯ’ವೆಂದರೆ ಹಣ್ಣಾಗದ ಫಲ, ತಮಿಳರ ‘ಕಾಯ್’ ಕೂಡ ಅದೇ, ಜೊತೆಗೆ ಒಣಗುವದೂ ಹೌದು. ಇವೆಲ್ಲವನ್ನೂ ಎಳೆದು ತಂದು ಸಂಸ್ಕೃತದ ಕಾಯಕ್ಕೆ ಕಟ್ಟುವ ಚಪಲವು ನಮ್ಮಂಥ ಪಂಡಿತರಲ್ಲಿ ಇದ್ದೇ ಇದೆ. ಕಟ್ಟಬಾರದು. ಧ್ವನಿ ಒಂದಾದ ಮಾತ್ರಕ್ಕೆ ಕುಲ ಒಂದಾಗದು.

ಶರಣರ ‘ಕಾಯಕ’ವು ದೇಹವೆಂಬರ್ಥದ ಕಾಯದಿಂದ ಹುಟ್ಟಿತು. ಬೆವರಿಲ್ಲದ ಕಾಯಕವಿಲ್ಲ. ಅಥಣಿಯಲ್ಲಿ ಚರ್ಮ ಹದಮಾಡಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರು, ಕೃಷ್ಣೆಯ ದಂಡೆಯಲ್ಲಿ ರಾಯಬಾಗ, ಕಾಗವಾಡದ ಗದ್ದೆಗಳಲ್ಲಿ ಕಬ್ಬು ಕಡಿಯುವವರು, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರು, ಇವರ ಬೆರಳುಗಳಿಗೆ ಈ ಶಬ್ದದ ಅರ್ಥವು ನನಗಿಂತ ಚೆನ್ನಾಗಿ ಗೊತ್ತು.

ಆದರೆ ಬಾಲಕನ ‘ಏನು’ ನನ್ನನ್ನು ಬಿಡಲಿಲ್ಲ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದನು. ಕಾಯವು ದುಡಿದಿತ್ತು, ಕಳವು ಇರಲಿಲ್ಲ. ಆದರೂ ಮಡದಿ ಲಕ್ಕಮ್ಮನು ‘ಇದೇನು?’ ಎಂದು ತಡೆದಳು. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರಕಳಿಸಿದಳು. ನಮ್ಮ ಗಡಿಸೀಮೆಯ ಮನೆಯೊಂದರಲ್ಲಿ ಅವಳಿದ್ದಿದ್ದರೆ ಕೇಳುತ್ತಿದ್ದುದು ‘ಹೇ ಕಾಯ?’ ಎಂದೇ ಅಲ್ಲವೇ? ಆ ಪ್ರಶ್ನೆ ಬೀಳದಿದ್ದರೆ ಮಾರಯ್ಯನ ದುಡಿತವು ದುಡಿತವಾಗಿ ಉಳಿಯುತ್ತಿತ್ತು, ಕಾಯಕವಾಗುತ್ತಿರಲಿಲ್ಲ. ಮೂವತ್ತು ವರುಷ ಪಾಠ ಹೇಳಿದರೂ ಇದು ನನಗೆ ಹೊಳೆದಿರಲಿಲ್ಲ.

1956ರಲ್ಲಿ ರಾಜ್ಯಗಳ ಗೆರೆ ಎಳೆದರು. ನಮ್ಮ ಹೆಣ್ಣುಮಕ್ಕಳನ್ನು ಮಿರಜ, ಗಡಹಿಂಗ್ಲಜ, ಜತ್ತಕ್ಕೆ ಕೊಡುವದು ನಿಲ್ಲಲಿಲ್ಲ. ಅತ್ತಣ ಸೊಸೆಯಂದಿರು ಇತ್ತ ಬರುವದೂ ನಿಲ್ಲಲಿಲ್ಲ. ಆ ಬಾಲಕನ ಕೊರಳಲ್ಲಿಯೂ ಇಷ್ಟಲಿಂಗವಿತ್ತು. ಅವನ ತಾಯಿ ಮರಾಠಿಯಲ್ಲಿ ಹರಸಿ ಕಳಿಸಿದ ಮಗುವನ್ನು, ಲಿಂಗಪೂಜೆ ನಡೆಯುವ ಮನೆಯ ಮಗುವನ್ನು, ಒಂದೇ ಒಂದು ಶಬ್ದಕ್ಕಾಗಿ ನಾನು ಹೊರಗಿನವನನ್ನಾಗಿ ಮಾಡಿದ್ದೆನು.

ಮರುದಿನ ತರಗತಿಯ ಎದುರಿನಲ್ಲಿಯೇ ‘ನಿನ್ನ ಉತ್ತರ ಸರಿಯಾಗಿತ್ತು, ತಪ್ಪು ನನ್ನದು’ ಎಂದು ಹೇಳಿ, ಕರಿಹಲಗೆಯ ಮೇಲೆ ‘ಕಾಯ’ವೆಂದು ಬರೆದು ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆನು. ಅವನು ಮೊದಲ ಸಾಲಿನಲ್ಲಿ ‘ಏನು’ ಎಂದು ಬರೆದನು. ಆಮೇಲೆ ತುಸು ತಡೆದು, ‘ನಮ್ಮ ಅಜ್ಜಿ ಕಾಯಾ ಅಂತಲೂ ಅಂತಾಳರಿ, ಅದು ಮೈಗೆ’ ಎಂದನು. ಅದನ್ನೂ ಬರೆಯೆಂದೆನು.